ಹತ್ತದ ಹಳದಿ ದೀಪ

ಅಲ್ಲಾ ಅಕ್ಕಾ, ಊರಲ್ಲಿ ಇನ್ನೊಬ್ಬ ಮೆಕ್ಯಾನಿಕ್ಕೇ ಇರಲಿಲ್ವಾ? ಹೋಗೋದು ಹೋದೆ, ಅವನ ಹತ್ರಾನೇ ಹೋಗಬೇಕಿತ್ತಾ? ಎಲ್ಲದಕ್ಕೂ ಮೀಟರ್ ಹಿಡೀತಾನೆ ಅಂತ ಊರೇ ಹೆಸರಿಟ್ಟಿರೋ ಆ ಮೀಟರ್ ಹತ್ರ? ಆರು ವರ್ಷ ಇದೇ ಶೆಡ್ಡಲ್ಲಿ ನನ್ನ ಪಕ್ಕ ನಿಂತು ಕೆಲಸ ಮಾಡಿ, ಒಂದು ದಿನ ಬೆಳಿಗ್ಗೆ "ನಾನು ಬೇರೆ ಅಂಗಡಿ ಹಾಕ್ತೀನಿ" ಅಂತ ಟೂಲ್ ಡಬ್ಬಿ ಎತ್ಕೊಂಡು ನಡೆದವನು... ಅವನ ಹತ್ರ ನನ್ನ ಸ್ವಂತ ಅಕ್ಕ! ಹಾಲಿನವನು ಬಂದು ಹೇಳಿದ ನಂಗೆ. "ನಿಮ್ಮಕ್ಕನ ಕಾರು ಮೀಟರ್ ಅಂಗಡಿ ಮುಂದೆ ನಿಂತಿತ್ತಲ್ಲಾ, ಬಾನೆಟ್ ಎತ್ತಿದ್ರು" ಅಂತ. ನಾನು ನಗ್ತಾ "ಹೌದಪ್ಪಾ, ನಾನೇ ಕಳಿಸಿದ್ದು" ಅಂದೆ. ಇನ್ನೇನು ಮಾಡಲಿ? ಹಾಲಿನವನ ಮುಂದೆ ಮಾನ ಕಳ್ಕೊಳ್ಳಲಾ?

ಕೂತ್ಕೋ. ಆ ಸ್ಟೂಲ್ ಬೇಡ, ಗ್ರೀಸ್ ಆಗಿದೆ. ಈ ಕುರ್ಚಿ ತಗೋ... ಬೇಡ್ವಾ? ನಿಂತೇ ಇರ್ತೀಯಾ? ಸರಿ, ನಿಂತ್ಕೋ. ಭಾನುವಾರ, ಯಾರೂ ಬರಲ್ಲ. ಶಟರ್ ಅರ್ಧ ಇಳಿಸಿದೀನಿ. ನಾವಿಬ್ಬರೇ. ಇವತ್ತು ಇದೊಂದು ಇತ್ಯರ್ಥ ಆಗಿಹೋಗಲಿ.

ಕೈ ಹೇಗಿದೆ? ಉರಿ ಇದೆಯಾ ಇನ್ನೂ?

ನಾನು ಆಸ್ಪತ್ರೆಗೆ ಬಂದಿದ್ದೆ, ಗೊತ್ತಾ ನಿಂಗೆ? ಬುಧವಾರ. ನೀನು ಮಲಗಿದ್ದೆ. ಎಬ್ಬಿಸೋದು ಬೇಡ ಅಂತ... ಹಾಗ್ಯಾಕೆ ನೋಡ್ತೀಯಾ? ಬಂದಿದ್ದೆ ಅಂದ್ರೆ ಬಂದಿದ್ದೆ. ಒಳಗೆ ಬರಲಿಲ್ಲ, ಸರಿ, ಒಪ್ಕೋತೀನಿ. ಗೇಟಿನ ತನಕ ಬಂದೆ. ಆಸ್ಪತ್ರೆ ವಾಸನೆ ನಂಗೆ ಆಗಲ್ಲ ಅಂತ ನಿಂಗೆ ಗೊತ್ತಲ್ವಾ. ಚಿಕ್ಕಂದಿನಿಂದಲೂ ಆಗಲ್ಲ.

ವಿಷಯ ತಪ್ಪಿಸ್ಬೇಡ. ಮೀಟರ್ ಹತ್ರ ಯಾಕೆ ಹೋದೆ?

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನನ್ನ ಕಥೆ. ನಿನ್ನ ಡ್ರೈವಿಂಗ್ ಸ್ಕೂಲ್ ಕಾರಿಗೆ ಆ ಎರಡನೇ ಬ್ರೇಕ್ ಪೆಡಲ್ ಕೂರಿಸಿದ್ದು ಯಾರು? ನಾನು. ಕಲಿಯೋರು ಗೇರ್ ಬಾಕ್ಸನ್ನ ಕರಕರ ಅಗೀತಾರೆ ಅಂತ ವರ್ಷಕ್ಕೊಂದು ಸಲ ಕ್ಲಚ್ ಬಿಚ್ಚಿ ಹಾಕೋದು ಯಾರು? ನಾನು. ಒಂಬತ್ತು ವರ್ಷ ಅಕ್ಕಾ! ಒಂಬತ್ತು ವರ್ಷದಲ್ಲಿ ಆ ಕಾರಿನ ಒಂದು ನಟ್ಟನ್ನ ಬೇರೆಯವರು ಮುಟ್ಟಿಲ್ಲ. ಈಗ ಹೋಗಿ ಅವನ ಮುಂದೆ ಬಾನೆಟ್ ಎತ್ತಿದೀಯಾ. ಹೊಟ್ಟೆ ಉರಿಯಲ್ವಾ? ಬೆನ್ನಿಗೆ ಚೂರಿ ಹಾಕೋದು ಅಂದ್ರೆ ಇದೇ. ಹೊರಗಿನವರು ಹಾಕಿದ್ರೆ ಕಿತ್ತು ಬಿಸಾಡಬಹುದು. ಸ್ವಂತ ಅಕ್ಕ ಹಾಕಿದ್ರೆ ಯಾರಿಗೆ ತೋರಿಸಲಿ?

ಏನಂದ ಅವನು? ಹೇಳು, ಏನಂದ? ಮೀಟರ್ ಹಿಡಿದು ಮೂಸಿ ನೋಡಿರ್ತಾನೆ. ಅವನಿಗೆ ಅಷ್ಟೇ ಬರೋದು. ಟೀ ಬಿಸಿಯಾಗಿದೆಯಾ ಅಂತ ನೋಡೋಕೂ ಎರಡು ವೈರ್ ಅದ್ದೋ ಜಾತಿ ಅವನು. ಇಂಜಿನ್ ಮೇಲೆ ಕೈ ಇಟ್ಟು ನೋಡು ಮಾರಾಯ, ಕಿವಿ ಕೊಟ್ಟು ಕೇಳು ಅಂತ ಆರು ವರ್ಷ ಹೇಳಿದೆ. "ಕಿವಿಗೆ ಕೇಳದ್ದು ಇದೆ ಮೇಸ್ತ್ರಿ" ಅಂತಿದ್ದ. ನಂಗೇ! ಅಪ್ಪನ ಲಾರಿಯ ಕೆಳಗೆ ಬೆಳೆದವನಿಗೆ!

...ಏನೂ ಹೇಳಲಿಲ್ಲ ಅಂತೀಯಾ? ಒಡೆದ ಹೋಸ್ ಬದಲಾಯಿಸಿ, ಇಂಜಿನ್ ತಣ್ಣಗಿಡೋ ನೀರು, ಆ ಕೂಲಂಟ್ ತುಂಬಿಸಿ, "ತಮ್ಮನ ಹತ್ರಾನೇ ತಗೊಂಡು ಹೋಗಿ" ಅಂದ್ನಾ? ಅಷ್ಟೇನಾ? ನೋಡು ಮತ್ತೆ! ಅವನಿಗೂ ಗೊತ್ತು ಇದು ಯಾರ ಕೈಯ ಕಾರು ಅಂತ. ಅವನ ಕೈಲಾಗಲಿಲ್ಲ, ಕಳಿಸಿದ. ಹೆ ಹೆ... ಅಲ್ವಾ?

ನೀನು ಯಾಕೆ ನಗ್ತಾ ಇಲ್ಲ?

ಸರಿ. ಮಂಗಳವಾರದ್ದು ನೀನು ಹೇಳಲ್ಲ ಅಂದ್ರೆ ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದು. ನಿನ್ನ ಹತ್ರ ಕಲೀತಿರೋ ಆ ಟೈಲರಮ್ಮ ಸ್ಟೀರಿಂಗಲ್ಲಿ, ಪಕ್ಕದಲ್ಲಿ ನೀನು. ನೀರಿನ ಟ್ಯಾಂಕಿನ ಏರು. ಹನ್ನೆರಡು ಗಂಟೆ ಬಿಸಿಲು. ಐವತ್ತು ದಾಟಿದ ಹೆಂಗಸು, ಹೊಲಿಗೆ ಮೆಷಿನ್ ತುಳಿದ ಹಾಗೆ ಕ್ಲಚ್ ತುಳಿಯೋದು, ಏರಲ್ಲಿ ನಿಲ್ಲಿಸೋದು, ಎತ್ತೋದು, ನಿಲ್ಲಿಸೋದು, ಎತ್ತೋದು... ಇಂಜಿನ್ ಪಾಪ ಏನು ಮಾಡುತ್ತೆ? ಕಾಯುತ್ತೆ. ಸಕ್ಕರೆ ಸೀದ ಹಾಗೆ ವಾಸನೆ ಬಂತು. ನಂಗೆ ಫೋನ್ ಮಾಡಿದೆ. "ಯಾವುದಾದ್ರೂ ದೀಪ ಹತ್ತಿದೆಯಾ?" ಅಂತ ಕೇಳಿದೆ ನಾನು. "ಇಲ್ಲ" ಅಂದೆ ನೀನು. "ಹಾಗಾದ್ರೆ ಏನೂ ಇಲ್ಲ, ಮೆಲ್ಲಗೆ ಬಾ" ಅಂದೆ ನಾನು. ಅದರಲ್ಲಿ ತಪ್ಪೇನು? ಆ ಕಾರಿನಲ್ಲಿ ಬಿಸಿ ತೋರಿಸೋ ಮುಳ್ಳೇ ಇಲ್ಲ, ಇರೋದು ದೀಪ ಮಾತ್ರ. ದೀಪ ಹತ್ತಿಲ್ಲ ಅಂದ್ರೆ ಯಾವ ಮೆಕ್ಯಾನಿಕ್ ಆದ್ರೂ ಬಾ ಅಂತಾನೇ ಹೇಳೋದು!

ಆಮೇಲೆ ಎರಡು ನಿಮಿಷಕ್ಕೆ ಕೆಂಪು ದೀಪ, ಬಾನೆಟ್ ಸಂದಿಯಿಂದ ಹಬೆ. ಟೈಲರಮ್ಮ ಗಾಬರಿ ಬಿದ್ದು ಇಳಿದು ಬಾನೆಟ್ ಎತ್ತಿದ್ರು. ನೀನು ಓಡಿ ಹೋಗಿ ಅವರನ್ನ ಆಚೆ ನೂಕೋದಕ್ಕೂ ಹೋಸ್ ಒಡೆಯೋದಕ್ಕೂ ಸರಿಹೋಯ್ತು. ಮೊಣಕೈ ತನಕ... ಬಲಗೈ. ಆ ಕೈಯಲ್ಲೇ ಅಲ್ವಾ ನೀನು ಕಲಿಯೋರ ಸ್ಟೀರಿಂಗ್ ಹಿಡಿದು ತಿದ್ದೋದು. ಡಾಕ್ಟರ್ ಏನಂದ್ರು, ಬೆರಳು ಮಡಚೋಕೆ ಬರುತ್ತಂತಾ? ಎಷ್ಟು ದಿನ ಬೇಕಂತೆ? ...ಗೊತ್ತಿಲ್ಲ ಅಂದ್ರೆ? ಅವರಿಗೇ ಗೊತ್ತಿಲ್ವಂತಾ?

ನೀರು ಬೇಕಾ? ನಾನಾದ್ರೂ ಕುಡೀತೀನಿ.

ನೋಡು, ಹೋಸ್ ಅಂದ್ರೆ ರಬ್ಬರ್. ರಬ್ಬರ್ ಅಂದ ಮೇಲೆ ಒಂದಲ್ಲ ಒಂದು ದಿನ ಒಡೆಯುತ್ತೆ. ಅದಕ್ಕೂ ನನ್ನ ಕೆಲಸಕ್ಕೂ ಸಂಬಂಧ ಇಲ್ಲ. ನಂಬಿಕೆ ಇಲ್ಲ ಅಂದ್ರೆ ಈಗಲೇ, ನಿನ್ನ ಕಣ್ಣ ಮುಂದೇನೇ ತೋರಿಸ್ತೀನಿ. ಕೀಲಿ ಕೊಡು. ...ಕೊಡಲ್ವಾ? ನಿನ್ನ ಕೈಯಲ್ಲೇ ಇಟ್ಕೋ ಹಾಗಾದ್ರೆ, ನೀನೇ ಹಾಕು. ಇಂಜಿನ್ ಬೇಡ, ಕೀಲಿ ಒಂದು ಸಲ ತಿರುಗಿಸು ಸಾಕು. ಎಡಗೈಯಲ್ಲಿ ತಿರುಗಿಸೋಕೆ ಬರುತ್ತಾ? ನಾನು... ಸರಿ, ಸರಿ, ಮುಟ್ಟಲ್ಲ.

ಇದು ಸ್ಕ್ಯಾನರ್. ಕಾರಿನ ಕಂಪ್ಯೂಟರ್ ಜೊತೆ ಮಾತಾಡುತ್ತೆ. ಏನು ತೊಂದರೆ ಇದ್ರೂ ಇಲ್ಲಿ ಸಾಲಾಗಿ ಬರುತ್ತೆ. ನೋಡು... ಹುಡುಕ್ತಾ ಇದೆ... ನೋಡಿದ್ಯಾ? ದೋಷ ಸೊನ್ನೆ. ಸೊ-ನ್ನೆ! ಮೆಷಿನ್ ಸುಳ್ಳು ಹೇಳುತ್ತಾ? ಒಂದು ತಿಂಗಳ ಹಿಂದೆ ಇದೇ ಜಾಗದಲ್ಲಿ "ಥರ್ಮೋಸ್ಟಾಟ್ ಹೀಟರ್ ಲೈನ್ ಕಟ್" ಅಂತ ಬರ್ತಿತ್ತು. ಹಳದಿ ದೀಪ ಹತ್ತಿತ್ತು, ಫ್ಯಾನು ಹುಚ್ಚು ಹಿಡಿದ ಹಾಗೆ ಬೆಳಿಗ್ಗೆಯಿಂದ ಸಂಜೆ ತನಕ ಓಡ್ತಿತ್ತು. ಮನೆ ಮುಂದೆ ವಿಮಾನ ನಿಂತ ಹಾಗಿದೆ ಅಂತ ನೀನೇ ಬೈದೆ. ಈಗ ಶಬ್ದ ಇದೆಯಾ? ದೀಪ ಇದೆಯಾ? ಯಾರು ಸರಿ ಮಾಡಿದ್ದು?

ಥರ್ಮೋಸ್ಟಾಟ್ ಅಂದ್ರೆ ಏನು ಅಂತಾನಾದ್ರೂ ಹೇಳಿದ್ನಾ ನಿನ್ನ ಮೀಟರ್? ಇಲ್ಲಿ ಬಾ. ಈ ಕಪ್ಪು ಡಬ್ಬಿ. ಒಳಗೆ ಒಂದು ಸಣ್ಣ ಬಾಗಿಲು, ಬಾಗಿಲ ಹಿಂದೆ ಮೇಣ. ಇಂಜಿನ್ ನೀರು ಕಾದ್ರೆ ಮೇಣ ಉಬ್ಬುತ್ತೆ, ಬಾಗಿಲು ತೆಗೆಯುತ್ತೆ, ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತೆ. ಹಳೇ ಕಾಲದ್ದು ಅಷ್ಟೇ, ಪಾಪದ್ದು. ಬಿಸಿ ಆಯ್ತು, ತೆಗೀತು. ತಣ್ಣಗಾಯ್ತು, ಮುಚ್ಚಿತು. ಈ ಹೊಸದರಲ್ಲಿ ಮೇಣದೊಳಗೆ ಒಂದು ಪುಟಾಣಿ ಹೀಟರ್ ಇಟ್ಟಿದಾರೆ. ಏರು ಬಂತು, ಭಾರ ಬಂತು ಅಂತ ಕಂಪ್ಯೂಟರಿಗೆ ಅನ್ನಿಸಿದ್ರೆ ಅದು ಹೀಟರಿಗೆ ಕರೆಂಟ್ ಕೊಡುತ್ತೆ, ಮೇಣ ಬೇಗ ಕರಗಿ ಬಾಗಿಲು ಬೇಗ ತೆಗೆಯುತ್ತೆ. ಕರೆಂಟ್ ಹೋಗದಿದ್ರೂ ಬಾಗಿಲು ತೆಗೆಯುತ್ತೆ ಅನ್ನು, ಆದ್ರೆ ತಡವಾಗಿ. ನೀರು ತುಂಬಾ ಕಾದ ಮೇಲೆ.

ಯಾಕೆ? ನಾನು ಈಗ ಏನಂದೆ? ...ಹೌದು, ತಡವಾಗಿ ಅಂದೆ. ಕರೆಂಟ್ ಹೋಗದಿದ್ರೆ ಅಂದೆ. ನಿನ್ನ ಕಾರಲ್ಲಿ ಹೋಗುತ್ತಲ್ಲಾ! ಹೊಸ ಥರ್ಮೋಸ್ಟಾಟ್ ಹಾಕಿದೀನಿ. ಒಂದಲ್ಲ, ಎರಡು ಸಲ ಹಾಕಿದೀನಿ.

ಕೀಲಿ ಆಫ್ ಮಾಡು. ಈಗ ಈ ಕಪ್ಲರ್ ಕೀಳ್ತೀನಿ. ಎರಡು ವೈರು ಬಂದು ಕಚ್ಚಿಕೊಳ್ಳೋ ಪ್ಲಗ್ಗು, ಇದೇ. ಕಚಕ್. ಬಂತು. ಈ ಎರಡು ಪಿನ್ನಿಗೆ ಮೀಟರ್ ಹಿಡೀತೀನಿ... ಯಾಕೆ ನಗ್ತೀಯಾ ಈಗ? ಹೂಂ, ನಾನೂ ಮೀಟರ್ ತಗೊಂಡಿದೀನಿ. ನಗು, ನಗು. ಹದಿನೈದು ಓಮ್ ತೋರಿಸ್ತಾ ಇದೆ, ನೋಡು. ಹದಿನೈದು ಅಂದ್ರೆ ಹೀಟರ್ ಚೆನ್ನಾಗಿದೆ. ಸುಟ್ಟಿದ್ರೆ ಇಲ್ಲಿ ಏನೂ ಬರ್ತಿರಲಿಲ್ಲ. ಪಿನ್ನಲ್ಲಿ ನೀರಿಲ್ಲ, ತುಕ್ಕಿಲ್ಲ. ಕನ್ನಡಿ ಇದ್ದ ಹಾಗಿದೆ. ಕಪ್ಲರ್ ವಾಪಸ್ಸು ಹಾಕಿದೆ. ಮುಗೀತು! ಇನ್ನೇನು ಬೇಕು ನಿಂಗೆ?

ಹಾಗಾದ್ರೆ ಯಾಕೆ ಕಾಯ್ತು ಅಂತೀಯಾ. ಏರು, ಬಿಸಿಲು, ಟೈಲರಮ್ಮನ ಕ್ಲಚ್ಚು. ಅಷ್ಟೇ. ಇಂಜಿನ್ನಿಗೂ ಒಂದು ಮಿತಿ ಇದೆ.

...ಏನಂದೆ?

ಇಂಜಿನ್ ಸ್ಟಾರ್ಟ್ ಮಾಡಿ ಕಪ್ಲರ್ ಕೀಳಬೇಕಾ? ಯಾಕೆ? ಈಗಷ್ಟೇ ಕಿತ್ತು ತೋರಿಸಿದೆನಲ್ಲ. ಓಡ್ತಿರುವಾಗ ಕೀಳಬಾರದು ಅಕ್ಕಾ, ಕಂಪ್ಯೂಟರ್ ಸುಟ್ಟು ಹೋಗುತ್ತೆ. ಹೌದು, ಸುಟ್ಟೇ ಹೋಗುತ್ತೆ. ನಾನು ನೋಡಿದೀನಿ. ಎಲ್ಲಿ ಅಂದ್ರೆ... ಒಬ್ಬರ ಕಾರಲ್ಲಿ. ನೀನು ನೋಡಿಲ್ಲ ಅವರನ್ನ.

ಇದನ್ನ ನಿಂಗೆ ಯಾರು ಹೇಳಿಕೊಟ್ಟಿದ್ದು? ಅವನಾ? ಏನೂ ಹೇಳಲಿಲ್ಲ ಅಂದೆ ಈಗಷ್ಟೇ! "ತಮ್ಮನ ಮುಂದೆ ಇಂಜಿನ್ ಸ್ಟಾರ್ಟ್ ಮಾಡಿ ಕಪ್ಲರ್ ಕೀಳಿಸಿ ನೋಡಿ" ಅಂದ್ನಾ? ಅಷ್ಟೇ ಅಂದ್ನಾ? ಯಾಕೆ ಅಂತ ಹೇಳಲಿಲ್ವಾ? ನೋಡಿದ್ಯಾ ಅವನ ಬುದ್ಧಿ! ಅಕ್ಕ ತಮ್ಮನ ಮಧ್ಯೆ ಕಡ್ಡಿ ಆಡಿಸಿ, ತಾನು ಆಚೆ ನಿಂತು ತಮಾಷೆ ನೋಡೋದು. ನೀನು ಅವನ ಮಾತು ಕೇಳಿ ನನ್ನ ಪರೀಕ್ಷೆ ಮಾಡೋಕೆ ಬಂದಿದೀಯಾ! ನನ್ನ! ಕಲಿಯೋಕೆ ಬಂದವರಿಗೆಲ್ಲ "ನನ್ನ ತಮ್ಮ ಶಬ್ದ ಕೇಳಿಯೇ ರೋಗ ಹೇಳ್ತಾನೆ" ಅಂತ ಹೇಳ್ಕೊಂಡು ತಿರುಗಿದವಳು ನೀನು. ಅದೇ ಬಾಯಲ್ಲಿ...

ಸ್ಟಾರ್ಟ್ ಮಾಡ್ಬೇಡ. ಅಕ್ಕಾ. ಕೂಲಂಟ್ ಗಾಳಿ ಹಿಡಿದಿರುತ್ತೆ, ಈಗ ಸ್ಟಾರ್ಟ್ ಮಾಡಿದ್ರೆ... ಅಕ್ಕಾ!

ಅಯ್ಯೋ. ಮಾಡೇ ಬಿಟ್ಟೆ.

ಸರಿ, ಓಡ್ತಿದೆ, ಆಯ್ತಲ್ಲ? ಎಷ್ಟು ಮೃದುವಾಗಿ ಓಡ್ತಿದೆ ಕೇಳು. ಈ ಶಬ್ದ ಸಾಲದಾ? ಸೀಟಿಂದ ಯಾಕೆ ಇಳಿದೆ? ಈ ಕಡೆ ಬರ್ಬೇಡ, ಫ್ಯಾನಿದೆ, ಬೆಲ್ಟಿದೆ, ಕೈಗೆ ಬ್ಯಾಂಡೇಜ್ ಬೇರೆ ಇದೆ. ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ... ನಾನೇ ಕೀಳ್ತೀನಿ, ಇರು. ನಾನೇ. ಒಂದು ನಿಮಿಷ. ಗ್ಲೌಸ್ ಎಲ್ಲಿಟ್ಟೆ... ಇಲ್ಲೇ ಇತ್ತು...

ಅಕ್ಕಾ, ಬೇಡ ಅಂದೆ!

ಕಿತ್ತುಬಿಟ್ಟೆಯಲ್ಲ. ಎಡಗೈಯಲ್ಲೇ ಕಿತ್ತುಬಿಟ್ಟೆ. ಅಷ್ಟು ಸಲೀಸಾಗಿ.

ದೀಪ ನೋಡ್ತಿದೀಯಾ? ಬರುತ್ತೆ ಇರು. ಹಳದಿ ದೀಪ ತಾನೇ, ಬರುತ್ತೆ. ಕಪ್ಲರ್ ಕಿತ್ತ ಮೇಲೆ ಬರಲೇಬೇಕು, ಲೈನ್ ಕಟ್ ಆಯ್ತಲ್ಲ. ಕಂಪ್ಯೂಟರಿಗೆ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು. ಕೆಲವು ಕಾರಲ್ಲಿ ಹತ್ತು ಸೆಕೆಂಡು... ಕೆಲವು ಕಾರಲ್ಲಿ ಜಾಸ್ತಿ...

...

ಬಲ್ಬ್ ಹೋಗಿರಬಹುದು.

...ಹೌದು. ಕೀಲಿ ತಿರುಗಿಸಿದಾಗ ಹತ್ತಿ ಆರಿತು. ನಾನೂ ನೋಡಿದೆ. ಬಲ್ಬ್ ಹೋಗಿಲ್ಲ.

ಏನಾದ್ರೂ ಮಾತಾಡು ಅಕ್ಕಾ. ಸುಮ್ಮನೆ ಆ ಕಪ್ಲರ್ ಹಿಡ್ಕೊಂಡು ನಿಂತ್ರೆ ಹೇಗೆ? ಬೈಯಿ. ಅಪ್ಪ ಬೈದ ಹಾಗೆ ಬೈಯಿ. ಲಾರಿ ಓಡಿಸೋಕೆ ಕಲಿಸ್ತೀನಿ ಅಂತ ಅಪ್ಪ ನನ್ನ ಕೂರಿಸಿದ್ರೆ ನಾನು ಕಂಬಕ್ಕೆ ಗುದ್ದಿ ಅಳ್ತಾ ಕೂತಿದ್ದೆ, ಆಗ ನೀನು ಹತ್ತಿ ಹಿಂದೆ ತೆಗೆದೆ. ಯಾರೂ ಕಲಿಸದೇನೇ. ಅಪ್ಪ ನನ್ನ ಬೈದದ್ದು ಬೈದದ್ದೇ, ನೀನು ಮಾತ್ರ ಒಂದು ಮಾತು ಅನ್ನಲಿಲ್ಲ. ಅವತ್ತು ಅದು ಒಳ್ಳೇದಿತ್ತು. ಇವತ್ತು ಬೇಡ. ಇವತ್ತು ಅನ್ನು.

ಆಯ್ತು! ಆಯ್ತು. ಇಲ್ಲಿದೆ ನೋಡು.

ಕಂಪ್ಯೂಟರ್ ಡಬ್ಬಿ ಪಕ್ಕ, ಈ ವೈರಿನ ಕಟ್ಟು. ಈ ಟೇಪು ನಾನು ಸುತ್ತಿದ್ದು. ಚೆನ್ನಾಗಿ ಸುತ್ತಿದೀನಿ ಅಲ್ವಾ? ಕಂಪನಿಯವರು ಸುತ್ತಿದ ಹಾಗೆ. ಬಿಚ್ತೀನಿ... ನೋಡು. ಈ ಬಿಳೀದು, ಕಿರುಬೆರಳಷ್ಟು ಉದ್ದ ಇದೆಯಲ್ಲ, ಇದು ರೆಸಿಸ್ಟರ್, ಕರೆಂಟ್ ತಡೆಯೋ ತುಂಡು. ಇದೂ ಹದಿನೈದೇ. ಥರ್ಮೋಸ್ಟಾಟಿನ ಹೀಟರ್ ಎಷ್ಟೋ ಅಷ್ಟೇ. ಇದನ್ನ ಇಲ್ಲಿ ಬೆಸೆದುಬಿಟ್ರೆ ಕಂಪ್ಯೂಟರ್ ಪಾಪ ಹೀಟರ್ ಇದೆ ಅಂತ ನಂಬ್ಕೊಂಡು ಇದಕ್ಕೇ ಕರೆಂಟ್ ಕೊಡ್ತಾ ಇರುತ್ತೆ. ಅಲ್ಲಿ ಮೇಣಕ್ಕೆ ಏನೂ ಹೋಗಲ್ಲ. ಕಂಪ್ಯೂಟರ್ ಕಣ್ಣಿಗೆ ಮಣ್ಣೆರಚೋದು ಅಂದ್ರೆ ಇಷ್ಟೇ ಕೆಲಸ. ಹತ್ತು ನಿಮಿಷ.

ಅದಕ್ಕೇ ದೀಪ ಆರಿದ್ದು. ಅದಕ್ಕೇ ಫ್ಯಾನು ನಿಂತದ್ದು.

ಆ ಫ್ಯಾನು ಯಾಕೆ ಓಡ್ತಿತ್ತು ಗೊತ್ತಾ ನಿಂಗೆ? ಲೈನ್ ಕಟ್ ಆಗಿದೆ, ಬಾಗಿಲು ತಡವಾಗಿ ತೆಗೆಯುತ್ತೆ ಅಂತ ಕಾರಿಗೆ ಗೊತ್ತಾಗಿತ್ತು. ಅದಕ್ಕೆ ತನ್ನ ಕೈಲಾದಷ್ಟು ತಾನೇ ಗಾಳಿ ಹಾಕ್ಕೊಳ್ತಿತ್ತು, ಇಂಜಿನ್ ಕಾಯದೇ ಇರಲಿ ಅಂತ. ನಾನು ಅದನ್ನೂ ನಿಲ್ಲಿಸಿದೆ. ಎಲ್ಲಾ ಸರಿ ಇದೆ ಮಲಗು ಅಂತ ಹೇಳಿ ಮಲಗಿಸಿದೆ.

ಯಾಕೆ ಅಂತ ಕೇಳು. ಕೇಳಲ್ವಾ?

ನಂಗೆ ಗೊತ್ತಾಗಲಿಲ್ಲ ಅಕ್ಕಾ. ಅಷ್ಟೇ. ಎಲ್ಲಿ ಕಟ್ ಆಗಿದೆ ಅಂತ ಗೊತ್ತಾಗಲಿಲ್ಲ. ಮೊದಲನೇ ಸಲ ಥರ್ಮೋಸ್ಟಾಟ್ ಬದಲಾಯಿಸಿದೆ, ನೀನು ಎರಡು ದಿನಕ್ಕೆ ವಾಪಸ್ಸು ಬಂದೆ. ಅದೇ ದೀಪ. ಎರಡನೇ ಸಲ ಬದಲಾಯಿಸಿದೆ, ಬೀದಿ ದಾಟೋದ್ರೊಳಗೆ ಹತ್ತಿತು. ಕಿವಿ ಕೊಟ್ಟು ಕೇಳಿದೆ, ಕೈ ಇಟ್ಟು ನೋಡಿದೆ. ವೈರಿಗೆ ಎಲ್ಲಿಯ ಶಬ್ದ? ಅದು ಕಿವಿಗೆ ಏನು ಹೇಳುತ್ತೆ? ಮೂರನೇ ಸಲ ನೀನು ಬಂದಾಗ ಏನಂದೆ, ನೆನಪಿದೆಯಾ? ಆ ಬಾಗಿಲಲ್ಲಿ ನಿಂತು, ನಗ್ತಾನೇ ಅಂದೆ. "ಬಿಡು ಪುಟ್ಟ, ಇದು ಕರೆಂಟಿನ ವಿಷಯ, ಮೀಟರಿಗೆ ಒಂದು ಸಲ ತೋರಿಸೋಣ್ವಾ?"

ನೀನು ಕೆಟ್ಟ ಮನಸ್ಸಿಂದ ಅನ್ನಲಿಲ್ಲ, ಗೊತ್ತು. ಆದ್ರೆ ನಂಗೆ ಎದೆಗೆ ಒದ್ದ ಹಾಗಾಯ್ತು. ಅಂಗಡಿಯಲ್ಲಿ ಆಗ ಬ್ಯಾಂಕಿನ ಕ್ಯಾಷಿಯರ್ ನಿಂತಿದ್ರು, ಅವರ ಸ್ಕೂಟರ್ ಬಂದಿತ್ತು. ಅವರು ಕೇಳಿಸ್ಕೊಂಡು ನನ್ನ ಮುಖ ನೋಡಿದ್ರು. "ಏನೂ ಬೇಡ, ಗೊತ್ತಾಯ್ತು ನಂಗೆ, ಸಾಯಂಕಾಲ ಬಾ" ಅಂದೆ. ಏನೂ ಗೊತ್ತಾಗಿರಲಿಲ್ಲ. ಸಾಯಂಕಾಲ ನೀನು ಬಂದೆ, ಸ್ಟಾರ್ಟ್ ಮಾಡಿದೆ, ದೀಪ ಇಲ್ಲ, ಶಬ್ದ ಇಲ್ಲ. ಎಷ್ಟು ಖುಷಿಪಟ್ಟೆ! ನನ್ನ ತಲೆ ಸವರಿದೆ. ನಲವತ್ತಾರು ವರ್ಷದವನ ತಲೆ. ಆಗಲಾದ್ರೂ ಹೇಳಬಹುದಿತ್ತು. ಒಂದೆರಡು ದಿನ ಓಡಿಸು, ಅಷ್ಟರಲ್ಲಿ ಹುಡುಕಿ ಸರಿ ಮಾಡ್ತೀನಿ ಅಂತ ಮನಸ್ಸಲ್ಲೇ ಅಂದ್ಕೊಂಡೆ. ಮೂರು ವಾರ ಆಯ್ತು.

ಏನು? ಎಲ್ಲಿ? ...ಬ್ಯಾಟರಿ ಕೆಳಗಾ? ಬ್ಯಾಟರಿ ಕೆಳಗೆ ಏನಿದೆ? ಇರು, ಟಾರ್ಚ್... ಈ ಕ್ಲ್ಯಾಂಪಿನ ಬೋಲ್ಟ್...

ಅಯ್ಯೋ.

ವೈರ್ ಕಟ್ಟು ಬೋಲ್ಟಿನ ಕೆಳಗೆ ಸಿಕ್ಕಿಕೊಂಡಿದೆ. ಜಜ್ಜಿ ಹೋಗಿದೆ. ಹಸಿರು ವೈರ್... ಇದೇ. ಇದೇ ಥರ್ಮೋಸ್ಟಾಟಿನದ್ದು. ಹೊಸ ಬ್ಯಾಟರಿ ಹಾಕಿದವನು ನಾನೇ. ಹಳೇದಕ್ಕಿಂತ ದೊಡ್ಡದು ಹಾಕಿದ್ರೆ ನಿಂಗೆ ಒಳ್ಳೇದು, ಕಲಿಯೋರು ದಿನಕ್ಕೆ ನೂರು ಸಲ ಆಫ್ ಮಾಡಿ ಸ್ಟಾರ್ಟ್ ಮಾಡ್ತಾರೆ ಅಂತ ಹಠ ಹಿಡಿದು ದೊಡ್ಡದು ಹಾಕಿದೆ. ಜಾಗ ಸಾಲದೇ ಒತ್ತಿ ಬಿಗಿದೆ. ಅದಾದ ವಾರಕ್ಕೆ ತಾನೇ ದೀಪ ಬಂದದ್ದು? ಅವನು ನೋಡಿದ್ನಾ? ಎಷ್ಟು ಹೊತ್ತಲ್ಲಿ ಕಂಡುಹಿಡಿದ? ...ಹೇಳ್ಬೇಡ. ಬೇಡ, ಗೊತ್ತಾಗೋದೇ ಬೇಡ ನಂಗೆ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಕಳ್ಳ ಅಂತಾನೂ ಅನ್ನಲಿಲ್ಲ. ಬಂದು ನಿಂತೆ, ಅಷ್ಟೇ. ನಾನೇ ಬೊಬ್ಬೆ ಹೊಡೆದೆ. ಮೀಟರ್ ಹಾಗೆ, ಮೀಟರ್ ಹೀಗೆ, ನೀನು ಚೂರಿ ಹಾಕಿದೆ... ಥೂ. ನನ್ನ ಬಾಯಿಗಿಷ್ಟು.

ಈಗಲೇ ಸರಿ ಮಾಡ್ತೀನಿ. ಈ ವೈರ್ ಕತ್ತರಿಸಿ ಹೊಸದು ಬೆಸೀತೀನಿ, ಆ ದರಿದ್ರ ರೆಸಿಸ್ಟರ್ ಕಿತ್ತು ಬಿಸಾಡ್ತೀನಿ. ಅರ್ಧ ಗಂಟೆ. ಮತ್ತೆ ನಿನ್ನ ಮುಂದೇನೇ ಕಪ್ಲರ್ ಕಿತ್ತು ತೋರಿಸ್ತೀನಿ, ದೀಪ ಬರಲೇಬೇಕು. ಕೈ ವಾಸಿಯಾಗೋ ತನಕ ಪಾಠಕ್ಕೆ ಬೇರೆ ಯಾರನ್ನಾದ್ರೂ ಇಡೋಣ. ಟೈಲರಮ್ಮನ ಮನೆಗೂ ಹೋಗ್ತೀನಿ, ಕಾಲಿಗೆ ಬೀಳ್ತೀನಿ ಬೇಕಾದ್ರೆ. ಊರಿಗೆಲ್ಲ ಹೇಳು, ನನ್ನ ತಮ್ಮ ಹೀಗೆ ಮಾಡಿದ ಅಂತ. ಹಾಲಿನವನಿಗೂ ಹೇಳು. ಸರಿನಾ? ಒಪ್ಪಿಕೊಂಡೆನಲ್ಲ ಅಕ್ಕಾ. ಎಲ್ಲಾ ಒಪ್ಪಿಕೊಂಡೆ. ಇನ್ನೇನೂ ಇಲ್ಲ ನನ್ನ ಹತ್ರ.

...ಯಾಕೆ ಇನ್ನೂ ನಿಂತಿದೀಯಾ?

ಇಂಜಿನ್ ಯಾಕೆ ಆಫ್ ಮಾಡಿದೆ?

ಈಗ ನೀನು ರೆಸಿಸ್ಟರನ್ನೂ ನೋಡ್ತಿಲ್ಲ, ವೈರನ್ನೂ ನೋಡ್ತಿಲ್ಲ. ನನ್ನ ಮುಖ ನೋಡ್ತಿದೀಯಾ. ಹಾಗೆ ನೋಡ್ಬೇಡ. ರೆಸಿಸ್ಟರ್ ವಿಷಯ ನಿಂಗೆ ಮೊದಲೇ ಗೊತ್ತಿತ್ತು, ಅಲ್ವಾ? ಬ್ಯಾಟರಿ ಕೆಳಗಿನದ್ದೂ ಗೊತ್ತಿತ್ತು. ಎಲ್ಲಾ ತಿಳ್ಕೊಂಡೇ ಬಂದಿದೀಯಾ. ಮತ್ತೆ ಇಲ್ಲಿ ತನಕ ಯಾಕೆ ಬಂದೆ, ಈ ಬಿಸಿಲಲ್ಲಿ, ಈ ಕೈ ಇಟ್ಕೊಂಡು? ಇನ್ನೇನು ಕೇಳೋಕಿದೆ ನಿಂಗೆ?

...

ಮಂಗಳವಾರದ ಫೋನಿಂದು.

ಅದು ಗಡಿಬಿಡಿಯಲ್ಲಿ ಅಕ್ಕಾ... ಅಂಗಡಿ ತುಂಬ ಜನ ಇದ್ರು. ರೆಸಿಸ್ಟರ್ ಹಾಕಿದ್ದು ಆ ಕ್ಷಣಕ್ಕೆ ಮರೆತೇ ಹೋಗಿತ್ತು. ಆಣೆ ಮಾಡಿ ಹೇಳ್ತೀನಿ, ನಿನ್ನ ಮೇಲೆ ಆಣೆ... ನಂಗೆ ನೆನಪೇ...

...ಬೇಡ. ನಿನ್ನ ಮೇಲೆ ಆಣೆ ಬೇಡ.

ನೆನಪಿತ್ತು. ನೀನು "ಸಕ್ಕರೆ ಸೀದ ವಾಸನೆ" ಅಂದ ಕೂಡಲೇ ನೆನಪಾಯ್ತು, ಅದು ಕೂಲಂಟ್ ಕುದಿಯೋ ವಾಸನೆ. ದೀಪ ಹತ್ತಿದೆಯಾ ಅಂತ ನಾನು ಕೇಳಿದ್ದು ತಿಳ್ಕೊಳ್ಳೋಕಲ್ಲ. ಹಳದಿ ದೀಪ ಹತ್ತಲ್ಲ ಅಂತ ಊರಲ್ಲೆಲ್ಲ ಗೊತ್ತಿದ್ದವನು ನಾನೊಬ್ಬನೇ. "ನಿಲ್ಲಿಸು ಅಕ್ಕಾ, ಇಂಜಿನ್ ಆಫ್ ಮಾಡಿ ದೂರ ಹೋಗಿ ನಿಲ್ಲು" ಅಂತ ಬಾಯಿ ತನಕ ಬಂದಿತ್ತು. ಆದ್ರೆ ನಿಲ್ಲಿಸು ಅಂದ್ರೆ ನೀನು "ಯಾಕೆ" ಅಂತ ಕೇಳ್ತಿದ್ದೆ.

ಅದಕ್ಕೇ ಬಾ ಅಂದೆ.